ತಣ್ಣಗೆ ಒಂಬತ್ತು, ಬಿಸಿಗೆ ನಾಲ್ಕು

ನಮ್ಮ ಶಾಲೆಯ ಪ್ರಯೋಗಾಲಯದ ಮೇಜಿನ ಮೇಲೆ ಒಂದು ಪೆಟ್ಟಿಗೆ ಇದೆ. ಪ್ರತಿ ವರ್ಷ ಜೂನ್ ತಿಂಗಳಲ್ಲಿ, ಹೊರಗೆ ಮಳೆ ಹಿಡಿದು ಆಟದ ಪೀರಿಯಡ್ಡು ರದ್ದಾದ ದಿನ, ಒಂಬತ್ತನೆಯ ತರಗತಿಯ ಮಕ್ಕಳ ಮುಂದೆ ಅದನ್ನಿಟ್ಟು ‘ಇದೇನು, ಹೇಳಿ ನೋಡುವಾ’ ಎನ್ನುವುದು ನನ್ನ ರೂಢಿ. ಹಾರ್ಮೋನಿಯಮ್ಮಿನ ಅರ್ಧದಷ್ಟು ದೊಡ್ಡದು. ಬೂದು ಬಣ್ಣ ಅಲ್ಲಲ್ಲಿ ಎದ್ದು ತುಕ್ಕು ಇಣುಕುತ್ತದೆ. ಮುಂದೆ ದುಂಡಗಿನ ಒಂದು ಮೀಟರು, ಪಕ್ಕದಲ್ಲಿ 6 ಮತ್ತು 12 ಎಂದು ಬರೆದ ಒಂದು ಸ್ವಿಚ್ಚು. ಕೆಂಪು, ಕಪ್ಪು ವಯರುಗಳ ತುದಿಗೆ ಮೊಸಳೆ ಬಾಯಿಯ ಕ್ಲಿಪ್ಪುಗಳು. ಇವಲ್ಲದೆ ಕಿರುಬೆರಳಿನಷ್ಟು ದಪ್ಪದ ಇನ್ನೊಂದು ಕಪ್ಪು ವಯರು. ಒಂದು ಚಿಕ್ಕ ಗಾಜಿನ ಕಿಟಕಿಯ ಹಿಂದೆ ಮೂರು ಹಿತ್ತಾಳೆ ಮುಳ್ಳುಗಳು.

ಮಕ್ಕಳು ಬಾಯಿಗೆ ಬಂದದ್ದು ಹೇಳುತ್ತಾರೆ. ಹಳೇ ರೇಡಿಯೋ, ಬಿ.ಪಿ. ನೋಡುವ ಮಶೀನು, ಬ್ಯಾಟರಿ ಚಾರ್ಜರು. ಸಿನಿಮಾ ಜಾಸ್ತಿ ನೋಡಿದ ಒಬ್ಬ ‘ಬಾಂಬು ಸರ್’ ಎಂದೂ ಹೇಳಿದ್ದುಂಟು. ನಾನು ಕಾಯುವುದು ಬೇರೊಂದು ಪ್ರಶ್ನೆಗೆ. ಹಿಂದಿನ ಬೆಂಚಿನಿಂದ ಯಾರಾದರೊಬ್ಬರು ಎದ್ದು ಬಂದು, ಗಾಜಿಗೆ ಮೂಗು ತಾಗಿಸಿ, ‘ಸರ್, ಎರಡು ಮುಳ್ಳಿಗೆ ಮಾತ್ರ ವಯರು ಸೇರ್‍ಯದೆ. ಮೂರನೇದು ಯಾವುದಕ್ಕೂ ತಾಗೂದೇ ಇಲ್ಲ. ಅದು ಎಂತಕ್ಕೆ?’ ಎಂದು ಕೇಳಿದರೆ ಆ ದಿನದ ಪಾಠ ಸಾರ್ಥಕವಾದಂತೆ.

ಇದು ಹಳೆಯ ಕಾರು, ಮೋಟಾರ್ ಸೈಕಲ್ಲುಗಳ ಇಗ್ನಿಷನ್ ಕಾಯಿಲನ್ನು ಪರೀಕ್ಷಿಸುವ ಯಂತ್ರ. ಇದು ನನ್ನ ಮೇಜಿಗೆ ಬಂದ ಕಥೆಯಲ್ಲಿ ನನ್ನದೇ ಒಂದು ತಪ್ಪು ಸೇರಿಕೊಂಡಿದೆ. ಯಂತ್ರವನ್ನು ತೋರಿಸಿ ತಪ್ಪನ್ನು ಮುಚ್ಚಿಡುವುದು ನ್ಯಾಯವಲ್ಲವಾದ್ದರಿಂದ ಮಕ್ಕಳಿಗೆ ಎರಡನ್ನೂ ಹೇಳುತ್ತೇನೆ. ಇಲ್ಲಿಯೂ ಹೇಳುತ್ತೇನೆ.

1997ರ ಜುಲೈ. ಕೊಂಕಣ ರೈಲು ಪೂರ್ತಿ ಮಾರ್ಗದಲ್ಲಿ ಓಡಲು ಇನ್ನೂ ಆರು ತಿಂಗಳಿತ್ತು. ಕುಮಟಾ, ಹೊನ್ನಾವರ, ಭಟ್ಕಳದವರಿಗೆ ಊರೂರು ಸೇರಿಸುವುದು ಈಗ 66 ಎನ್ನುವ, ಆಗ 17 ಎನ್ನುತ್ತಿದ್ದ ಹೆದ್ದಾರಿಯೊಂದೇ. ದೊಡ್ಡ ಕಾಯಿಲೆಯಾದರೆ ಮಣಿಪಾಲಕ್ಕೋ ಮಂಗಳೂರಿಗೋ ಟ್ಯಾಕ್ಸಿ ಮಾಡಿಕೊಂಡು ಓಡಬೇಕು. ಹಾಗೆ ಕುಮಟೆಯಿಂದ ಒಬ್ಬ ವೃದ್ಧ ರೋಗಿಯನ್ನು ಹೊತ್ತು ಹೊರಟ ಒಂದು ಪ್ರೀಮಿಯರ್ ಪದ್ಮಿನಿ ಕಾರು ಹಳದೀಪುರ ದಾಟಿ, ಹೊನ್ನಾವರದ ಶರಾವತಿ ಸೇತುವೆ ದಾಟಿ, ಮಂಕಿಯ ಹತ್ತಿರ ಮಳೆಯಲ್ಲಿ ನಿಂತುಬಿಟ್ಟಿತು. ರೋಗಿಯನ್ನು ಬೇರೊಂದು ವಾಹನಕ್ಕೆ ಹತ್ತಿಸಿದರು. ದೇವರ ದಯೆಯಿಂದ ಅವರು ಉಳಿದರು. ಅರ್ಧ ಗಂಟೆ ಬಿಟ್ಟು ಡ್ರೈವರ್ ಕೀಲಿ ತಿರುಗಿಸಿದರೆ ಕಾರು ಏನೂ ಆಗದವರಂತೆ ಚಾಲೂ ಆಯಿತು!

ಆ ಕಾರಿಗೆ ನಾಲ್ಕು ದಿನ ಮೊದಲಷ್ಟೇ ಹೊನ್ನಾವರದ ಒಂದು ಗ್ಯಾರೇಜಿನಲ್ಲಿ ಹೊಸ ಕಾಯಿಲ್ ಹಾಕಿದ್ದರು. ಹಾಕಿದವನು ಅಲ್ಲಿ ಕೆಲಸಕ್ಕಿದ್ದ ಹುಡುಗ. ಟ್ಯಾಕ್ಸಿಯ ಮಾಲಕರು ಬಂದು ಕೂಗಾಡಿದರು. ಹುಡುಗ ಕಾರನ್ನು ಒಂದು ತಾಸು ಓಡಿಸಿ ನೋಡಿ ‘ಹೊಸ ಕಾಯಿಲೇ ಸರಿಯಿಲ್ಲ. ಬಿಸಿಯಾದ ಮೇಲೆ ಕಿಡಿ ಬತ್ತಿಲ್ಲೆ’ ಎಂದ. ಗ್ಯಾರೇಜಿನ ಯಜಮಾನರು ಒಪ್ಪಲಿಲ್ಲ. ‘ಪಾಯಿಂಟ್ ಸೆಟ್ ಮಾಡಲಿಕ್ಕೆ ಬರೂದಿಲ್ಲ, ಹೊಸ ಸಾಮಾನಿನ ಮೇಲೆ ಹಾಕ್ತೀಯಾ’ ಎಂದು ಗದರಿದರು. ವಾದ ಬೆಳೆಯಿತು. ಕೊನೆಗೆ ಯಾರೋ ಹೇಳಿದರು: ‘ಹೈಸ್ಕೂಲಿನ ಸೈನ್ಸ್ ಮಾಸ್ತರರಿಗೆ ತೋರಿಸುವಾ.’

ನನಗಾಗ ಇಪ್ಪತ್ತೆಂಟು ವರ್ಷ. ಮನೆಯ ಬಾಗಿಲಿಗೆ ಬಿ.ಎಸ್ಸಿ., ಬಿ.ಎಡ್. ಎಂದು ಬರೆಸಿದ ಹಲಗೆ ತೂಗುಹಾಕಿ ಎರಡು ವರ್ಷವಾಗಿತ್ತು. ಊರವರು ಮಿಕ್ಸರ್ ಕೆಟ್ಟರೂ, ಬಾವಿಯ ಪಂಪು ಕೆಟ್ಟರೂ ನನ್ನನ್ನು ಕೇಳುತ್ತಿದ್ದರು. ನಾನೂ ಗೊತ್ತಿಲ್ಲವೆಂದು ಹೇಳುವ ಅಭ್ಯಾಸ ಇಟ್ಟುಕೊಂಡಿರಲಿಲ್ಲ. ಕಾಯಿಲನ್ನು ಶಾಲೆಗೆ ತಂದರು. ಜತೆಗೆ ಬಂದ ಹುಡುಗನನ್ನು ನೋಡಿದೆ. ಹಿಂದಿನ ವರ್ಷ ನನ್ನ ತರಗತಿಯಲ್ಲೇ ಎಸ್.ಎಸ್.ಎಲ್.ಸಿ.ಗೆ ಕೂತು, ವಿಜ್ಞಾನದಲ್ಲಿ 22 ಅಂಕ ತೆಗೆದು ಶಾಲೆ ಬಿಟ್ಟವನು. ಅವನು ಏನೋ ಹೇಳಲು ಬಾಯಿ ತೆರೆದ. ‘ತಡಿ, ನೋಡುವಾ’ ಎಂದೆ.

ಕಾಯಿಲ್ ಎಂದರೆ ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಒಂದು ಲೋಹದ ಡಬ್ಬಿ. ಒಳಗೆ ಮೆದುಕಬ್ಬಿಣದ ತಿರುಳು. ಅದಕ್ಕೆ ದಪ್ಪ ತಾಮ್ರದ ತಂತಿಯ ಇನ್ನೂರು ಮುನ್ನೂರು ಸುತ್ತು, ಕೂದಲೆಳೆಯಂಥ ತಂತಿಯ ಹದಿನೈದು ಇಪ್ಪತ್ತು ಸಾವಿರ ಸುತ್ತು. ಸುತ್ತಿನ ಪದರಗಳ ನಡುವೆ ಕಾಗದ, ಸುತ್ತ ಎಣ್ಣೆ. ನಾನು ಶಾಲೆಯ ಮಲ್ಟಿಮೀಟರು ತಂದು, ಎಲ್ಲರೂ ನೋಡುವಂತೆ ಕಡ್ಡಿಗಳನ್ನಿಟ್ಟೆ. ಪ್ರಾಥಮಿಕ ಸುರುಳಿಯ ರೋಧ ಸುಮಾರು 3 ಓಮ್. ದ್ವಿತೀಯಕದ್ದು ಏಳೂವರೆ ಸಾವಿರ ಓಮಿನ ಆಸುಪಾಸು. ಎರಡೂ ಇರಬೇಕಾದಷ್ಟೇ. ಬಿಳಿ ಹಾಳೆಯ ಮೇಲೆ ಎರಡು ಅಂಕಿ ಬರೆದು, ‘ಕಾಯಿಲ್ ನಿರ್ದೋಷವಾಗಿದೆ’ ಎಂದು ಸಹಿ ಹಾಕಿ ಕೊಟ್ಟೆ.

ಮಾಸ್ತರರೇ ಬರೆದುಕೊಟ್ಟ ಮೇಲೆ ಮುಗಿಯಿತು. ಹುಡುಗನ ಒಂದು ತಿಂಗಳ ಸಂಬಳ ಹಿಡಿದು ಅವನನ್ನು ಬಿಡಿಸಿದರು. ಕಾಯಿಲ್ ನನ್ನ ಮೇಜಿನ ಮೇಲೇ ಉಳಿಯಿತು.

ವಾರದ ನಂತರ ಅವನ ತಾಯಿ ಬಂದಳು. ಕಾಸರಕೋಡಿನ ಹೆಂಗಸು. ಮಳೆಗಾಲವಾದ್ದರಿಂದ ಒಣಮೀನಿನ ಬುಟ್ಟಿಯನ್ನು ಹೊರಗೆ ಮೆಟ್ಟಿಲ ಮೇಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ನಿಂತೇ ಮಾತಾಡಿದಳು. ಜಗಳವಾಡಲಿಲ್ಲ. ‘ಮಾಸ್ತರ್ರೇ, ಅವ ಓದೂದ್ರಲ್ಲಿ ಹಿಂದೆ ಹೌದು. ಸುಳ್ಳು ಹೇಳೂದು ಮಾತ್ರ ನಾ ಕಂಡಿಲ್ಲ’ ಎಂದಳು. ಅಷ್ಟೇ. ಬುಟ್ಟಿ ಎತ್ತಿಕೊಂಡು ಹೋದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಹುಡುಗ ಹೇಳಲು ಹೊರಟಿದ್ದೇನು? ನಾನು ಕೇಳಲೇ ಇಲ್ಲ. 22 ಅಂಕದವನಿಗೆ ವಿದ್ಯುತ್ತಿನ ವಿಷಯ ಏನು ಗೊತ್ತಿದ್ದೀತು ಎಂದುಕೊಂಡಿದ್ದೆ. ಬೆಳಿಗ್ಗೆ ಅವನ ಮನೆ ಹುಡುಕಿಕೊಂಡು ಹೋದೆ. ಅಂಗಳದಲ್ಲಿ ಬಲೆ ಹೊಲಿಯುತ್ತಿದ್ದವನು ಎದ್ದು ನಿಂತ. ತುಸು ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದ. ಕಾರು ನಿಂತಾಗ ಪೆಟ್ರೋಲು ಬರುತ್ತಿದೆಯೆಂದು ಪೈಪು ಬಿಚ್ಚಿ ನೋಡಿದ್ದನಂತೆ. ಪ್ಲಗ್ಗು ಬಿಚ್ಚಿ ಎಂಜಿನ್ನಿಗೆ ತಾಗಿಸಿ ನೋಡಿದರೆ ಕಿಡಿ ನೀಲಿಯಾಗಿರದೆ ಹಳದಿಯಾಗಿ, ದಾರದಂತೆ ಸಪೂರವಾಗಿತ್ತಂತೆ. ಪಾಯಿಂಟು, ಕಂಡೆನ್ಸರು ಬದಲಿಸಿದರೂ ಹಾಗೇ. ಕಾಯಿಲ್ ಮುಟ್ಟಿದರೆ ಕೈ ಸುಡುತ್ತಿತ್ತಂತೆ. ಒದ್ದೆ ಬಟ್ಟೆ ಸುತ್ತಿ ತಣ್ಣಗಾದ ಮೇಲೆ ಕಿಡಿ ಮತ್ತೆ ನೀಲಿ. ಒಂದೊಂದನ್ನೇ ಬದಲಿಸಿ, ಉಳಿದದ್ದನ್ನು ಹಾಗೇ ಇಟ್ಟು ನೋಡುವುದು ವಿಜ್ಞಾನದ ಮೊದಲ ಪಾಠ. ನಾನು ಕಪ್ಪು ಹಲಗೆಯ ಮೇಲೆ ಬರೆಸಿದ್ದನ್ನು ಅವನು ಬಾನೆಟ್ಟಿನ ಕೆಳಗೆ ಮಾಡಿ ತೋರಿಸಿದ್ದ.

‘ಭಟ್ಕಳದಲ್ಲಿ ಒಬ್ಬರು ಉಸ್ತಾದರಿದ್ದಾರೆ. ಕಾಯಿಲ್ ನೋಡುವ ಮಶೀನು ಅವರ ಹತ್ತಿರ ಅದೆ’ ಎಂದ. ಮರುದಿನ ಭಾನುವಾರ ಇಬ್ಬರೂ ಸರಕಾರಿ ಬಸ್ಸು ಹತ್ತಿದೆವು. ಕಾಯಿಲ್ ನನ್ನ ಚೀಲದಲ್ಲಿತ್ತು.

ಉಸ್ತಾದರ ಅಂಗಡಿ ಹೆದ್ದಾರಿಯಿಂದ ಒಳಗೆ, ಮಂಗಳೂರು ಹೆಂಚಿನ ಒಂದು ಗೂಡು. ಅರವತ್ತು ದಾಟಿದ ಮನುಷ್ಯ. ಆಟೋ ಎಲೆಕ್ಟ್ರಿಕಲ್ ಕೆಲಸ ಮಾತ್ರ. ಅಟ್ಟದಲ್ಲಿ ಮೂರು ಪೆಟ್ಟಿಗೆಗಳಿದ್ದವು. ಅವುಗಳನ್ನು ಗುರುತಿಸುವ ಬಗೆಯನ್ನು ಅವರು ಹೇಳಿಕೊಟ್ಟದ್ದು ಇಂದಿಗೂ ಉಪಯೋಗಕ್ಕೆ ಬರುತ್ತದೆ. ಒಂದಕ್ಕೆ ಗಾಳಿಯ ಪೈಪು, ಒತ್ತಡದ ಮೀಟರು, ಮರಳಿನ ಚೀಲ, ಪ್ಲಗ್ಗು ತಿರುಗಿಸುವ ತೂತು ಇತ್ತು. ಅದು ಸ್ಪಾರ್ಕ್ ಪ್ಲಗ್ಗನ್ನು ಮರಳಿನಿಂದ ತಿಕ್ಕಿ, ಒತ್ತಡದ ಗಾಳಿಯಲ್ಲಿ ಕಿಡಿ ಹಾರಿಸಿ ನೋಡುವ ಯಂತ್ರ. ಹಿಂದೆ ಎಷ್ಟೋ ಗ್ಯಾರೇಜುಗಳಲ್ಲಿ ಇರುತ್ತಿತ್ತು. ಎರಡನೆಯದರ ಮೇಲೆ ಆಂಗ್ಲ ವಿ ಅಕ್ಷರದ ಹಾಗೆ ಕೊರೆದ ಕಬ್ಬಿಣದ ದಿಮ್ಮಿ. ಅದು ಗ್ರೌಲರ್, ಡೈನಮೋ, ಸ್ಟಾರ್ಟರುಗಳ ಆರ್ಮೇಚರನ್ನು ಆ ತಗ್ಗಿನಲ್ಲಿಟ್ಟು, ಮೇಲೆ ಗರಗಸದ ಅಲಗು ಹಿಡಿದರೆ ಒಳಗೆ ಶಾರ್ಟ್ ಆದ ಕಡೆ ಅಲಗು ಕಂಪಿಸುತ್ತದೆ. ಗಾಳಿಯ ಪೈಪೂ ಇಲ್ಲ, ದಿಮ್ಮಿಯೂ ಇಲ್ಲ, ದಪ್ಪ ವಯರೂ ಮುಳ್ಳುಗಳೂ ಇವೆಯೆಂದರೆ ಅದು ಕಾಯಿಲ್ ಟೆಸ್ಟರ್. ಹೆಸರಿನ ಫಲಕ ಅಳಿಸಿಹೋಗಿದ್ದರೂ ಹೊಟ್ಟೆಯೊಳಗಿನ ಕೆಲಸ ಗುರುತು ಹೇಳುತ್ತದೆ.

‘ಈ 6 ಎಂತಕ್ಕೆ?’ ಎಂದೆ. ‘ಜಾವಾಕ್ಕೆ’ ಎಂದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ತಯಾರಿಸಿದ ಜಾವಾ ಬೈಕುಗಳದು 6 ವೋಲ್ಟ್ ಬ್ಯಾಟರಿ. ಆ ಕಾರ್ಖಾನೆ ನಾವು ಹೋದ ಹಿಂದಿನ ವರ್ಷ, 1996ರಲ್ಲಿ, ಮುಚ್ಚಿತ್ತು. ಕಾರಿಗೆ 12.

ಉಸ್ತಾದರು ಪೆಟ್ಟಿಗೆಯ ಸ್ವಿಚ್ಚನ್ನು 12ಕ್ಕೆ ತಿರುಗಿಸಿ, ಬ್ಯಾಟರಿಗೆ ಜೋಡಿಸಿದರು. ಕಾಯಿಲಿನ ಎರಡು ಸಣ್ಣ ತಿರುಪುಗಳಿಗೆ ಕೆಂಪು, ಕಪ್ಪು ಕ್ಲಿಪ್ಪು ಹಾಕಿದರು. ಲೂಕಾಸ್ ಮಾದರಿಯ ಹಳೆಯ ಕಾಯಿಲುಗಳ ಮೇಲೆ ಎಸ್.ಡಬ್ಲ್ಯೂ., ಸಿ.ಬಿ. ಎಂದಿರುತ್ತದೆ. ಮೊದಲನೆಯದು ಸ್ವಿಚ್ಚಿನ ಕಡೆ, ಎರಡನೆಯದು ಪಾಯಿಂಟಿನ ಕಡೆ. ಜರ್ಮನ್ ಮಾದರಿಯಲ್ಲಿ ಇವೇ 15 ಮತ್ತು 1. ನಡುವಿನ ಗೋಪುರ 4. ದಪ್ಪ ವಯರನ್ನು ನಡುವಿನ ಗೋಪುರಕ್ಕೆ ಸಿಕ್ಕಿಸಿದರು. ‘ಇನ್ನು ಕೈ ಹಿಂದೆ ಕಟ್ಟಿಕೊಳ್ಳಿ’ ಎಂದರು. ಪೆಟ್ಟಿಗೆಯೊಳಗೆ ಸಣ್ಣ ಮೋಟಾರು ಗುಂಯ್ ಎಂದು ತಿರುಗಿತು. ಅದರ ಚಕ್ರದ ನಾಲ್ಕು ಉಬ್ಬುಗಳು ಪಾಯಿಂಟನ್ನು ತೆರೆದು ಮುಚ್ಚತೊಡಗಿದವು. ಮುಳ್ಳುಗಳ ನಡುವೆ ನೀಲಿ ಕಿಡಿ ಚಟಚಟನೆ ಹಾರಿತು. ಅವರು ತಿರುಪನ್ನು ತಿರುಗಿಸುತ್ತ ಮುಳ್ಳುಗಳನ್ನು ದೂರ ಸರಿಸಿದರು. ಒಂಬತ್ತು ಮಿಲಿಮೀಟರಿನವರೆಗೂ ಕಿಡಿ ತಪ್ಪಲಿಲ್ಲ.

ನನ್ನ ಜೀವಕ್ಕೆ ಸಮಾಧಾನವಾಯಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ‘ನೋಡಿ, ಚೆನ್ನಾಗಿಯೇ ಇದೆಯಲ್ಲ’ ಎಂದೆ. ಹುಡುಗ ನೆಲ ನೋಡಿದ. ಉಸ್ತಾದರು ನನ್ನ ಮುಖ ನೋಡಿದರು. ‘ಮಾಸ್ತರ್, ಗಾಡಿ ನಿಂತದ್ದು ತಣ್ಣಗಿದ್ದಾಗಲೋ ಬಿಸಿಯಾದಾಗಲೋ?’

‘ಬಿಸಿಯಾದಾಗ.’

‘ಮತ್ತೆ ತಣ್ಣಗೆ ನೋಡಿ ಎಂತ ಮಾಡ್ತೀರಿ? ಚಾ ಕುಡಿಯುವ.’

ಯಂತ್ರ ಓಡುತ್ತಲೇ ಇತ್ತು. ಚಹಾ ಬಂತು, ಮುಗಿಯಿತು. ಇಪ್ಪತ್ತು ನಿಮಿಷ ಕಳೆದಿರಬೇಕು. ಚಟಚಟ ಸದ್ದು ಮೊದಲು ತಾಳ ತಪ್ಪಿತು. ಆಮೇಲೆ ನೀಲಿ ಹೋಗಿ ಹಳದಿಯಾಯಿತು. ಆಮೇಲೆ ಕಿಡಿಯೇ ನಿಂತಿತು. ಉಸ್ತಾದರು ಮುಳ್ಳುಗಳನ್ನು ಹತ್ತಿರ ತರುತ್ತ ಬಂದರು. ಎಂಟು, ಏಳು, ಆರು, ಐದು. ನಾಲ್ಕಕ್ಕೆ ಬಂದಾಗ ಬಡಕಲು ಕಿಡಿಯೊಂದು ಹಾರಿತು. ಅಷ್ಟಕ್ಕೇ ಬಿಡಲಿಲ್ಲ. ತಾವು ನಂಬಿದ ಬೇರೊಂದು ಹಳೆಯ ಕಾಯಿಲನ್ನು ಅದೇ ರೀತಿ, ಅಷ್ಟೇ ಹೊತ್ತು ಓಡಿಸಿದರು. ಒಂಬತ್ತಿದ್ದದ್ದು ಎಂಟಾಯಿತು, ಅಷ್ಟೇ. ‘ಈಗ ಮಾತಾಡಿ’ ಎಂದರು. ಮಾತಾಡಲು ನನ್ನ ಹತ್ತಿರ ಏನೂ ಇರಲಿಲ್ಲ.

ವಾಪಸು ಬರುವಾಗ ಶಿರಾಲಿ ದಾಟುವ ಹೊತ್ತಿಗೆ ನನ್ನ ತಪ್ಪು ನನಗೆ ಸ್ಪಷ್ಟವಾಯಿತು. ಬ್ಯಾಟರಿಯದು ನೇರ ವಿದ್ಯುತ್ತು. ಅದು ಎಡೆಬಿಡದೆ ಹರಿಯುತ್ತಿದ್ದರೆ ಪರಿವರ್ತಕ ಕೆಲಸ ಮಾಡದೆಂದು ನಾನೇ ಕಲಿಸುತ್ತಿದ್ದೆ. ಕಾಯಿಲಿನ ಗುಟ್ಟು ಇರುವುದು ಕಡಿಯುವುದರಲ್ಲಿ. ಪಾಯಿಂಟು ಮುಚ್ಚಿದಾಗ ಮೂರು ನಾಲ್ಕು ಆಂಪಿಯರ್ ಹರಿದು ತಿರುಳಿನಲ್ಲಿ ಕಾಂತಕ್ಷೇತ್ರ ತುಂಬುತ್ತದೆ. ಪಾಯಿಂಟು ತಟ್ಟನೆ ತೆರೆದಾಗ ಆ ಕ್ಷೇತ್ರ ಕುಸಿಯುತ್ತದೆ. ಕುಸಿತ ಎಷ್ಟು ಬೇಗವೋ ಪ್ರೇರಿತ ವೋಲ್ಟು ಅಷ್ಟು ಹೆಚ್ಚು. ಪಾಯಿಂಟಿನಲ್ಲೇ ಕಿಡಿ ಹತ್ತಿ ಕುಸಿತ ನಿಧಾನವಾಗದಂತೆ ಕಂಡೆನ್ಸರು ಕಾಯುತ್ತದೆ. ಪ್ರಾಥಮಿಕದಲ್ಲಿ ಇನ್ನೂರು ಮುನ್ನೂರು ವೋಲ್ಟು ಎದ್ದರೆ, ಸುತ್ತುಗಳ ಅನುಪಾತದಿಂದಾಗಿ ದ್ವಿತೀಯಕದಲ್ಲಿ ಹದಿನೈದು ಇಪ್ಪತ್ತು ಸಾವಿರ ವೋಲ್ಟು. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಇದು ಸೆಕೆಂಡಿಗೆ ನೂರು ಸಲ ನಡೆಯಬೇಕು.

ಆ ಸಾವಿರಾರು ವೋಲ್ಟನ್ನು ತಡೆಯುವುದು ಕಾಗದ, ಎಣ್ಣೆ, ತಂತಿಗೆ ಬಳಿದ ವಾರ್ನಿಷು. ಅದರಲ್ಲಿ ಎಲ್ಲೋ ಒಂದು ಕಡೆ ದೋಷವಿದ್ದರೆ, ತಣ್ಣಗಿದ್ದಾಗ ಹೇಗೋ ತಡೆದುಕೊಂಡದ್ದು ಬಿಸಿಯಾದಾಗ ಸೋಲುತ್ತದೆ. ಕಿಡಿ ಪ್ಲಗ್ಗಿಗೆ ಬರುವ ಬದಲು ಡಬ್ಬಿಯೊಳಗೇ ಹಾರುತ್ತದೆ. ನನ್ನ ಮಲ್ಟಿಮೀಟರಿನೊಳಗೆ ಇದ್ದದ್ದು 9 ವೋಲ್ಟಿನ ಒಂದು ಸೆಲ್ಲು. 15,000 ವೋಲ್ಟಿಗೆ ಸೋಲುವ ಜಾಗ 9 ವೋಲ್ಟಿಗೆ ಸೋಲುವುದಿಲ್ಲ. ಅಂಕಿಗಳು ಸುಳ್ಳಲ್ಲ, ಕೇಳಿದ ಪ್ರಶ್ನೆಯೇ ತೀರ ಸುಲಭದ್ದು. ಸುಲಭದ ಪ್ರಶ್ನೆಗೆ ಸಿಕ್ಕಿದ ಸರಿ ಉತ್ತರದ ಮೇಲೆ ನಾನು ‘ನಿರ್ದೋಷ’ ಎಂದು ಸಹಿ ಹಾಕಿದ್ದೆ.

ಸೋಮವಾರ ಸಂಜೆ ಗ್ಯಾರೇಜಿಗೆ ಹೋಗಿ, ಟ್ಯಾಕ್ಸಿಯ ಮಾಲಕರನ್ನೂ ಕರೆಸಿ, ಎಲ್ಲರ ಮುಂದೆ ‘ತಪ್ಪು ನನ್ನದು, ಹುಡುಗ ಹೇಳಿದ್ದೇ ಸರಿ’ ಎಂದೆ. ಹೇಳುವ ಮೊದಲು ಎರಡು ಸಲ ಗ್ಯಾರೇಜು ದಾಟಿ ಮುಂದೆ ಹೋಗಿ ತಿರುಗಿ ಬಂದಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಯಜಮಾನರು ದೊಡ್ಡ ಮನಸ್ಸು ಮಾಡಿ ಹಿಡಿದಿಟ್ಟ ಸಂಬಳ ಕೊಟ್ಟು, ಹುಡುಗನನ್ನು ಮತ್ತೆ ಕರೆದರು. ಅವನು ಹೋಗಲಿಲ್ಲ. ಭಟ್ಕಳಕ್ಕೆ ಹೋಗಿ ಉಸ್ತಾದರ ಹತ್ತಿರ ಕೆಲಸಕ್ಕೆ ನಿಂತ.

ಕಾಯಿಲಿನ ಕಥೆ ದೊಡ್ಡದು; ಅದರಲ್ಲಿ ಮಾಸ್ತರರ ಪಾಲೂ ಇದೆ. 1831ರಲ್ಲಿ ಫ್ಯಾರಡೆ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದ ಐದು ವರ್ಷಕ್ಕೆ, ಐರ್ಲೆಂಡಿನ ಮೇನೂತ್ ಕಾಲೇಜಿನಲ್ಲಿ ಕಲಿಸುತ್ತಿದ್ದ ನಿಕೋಲಸ್ ಕ್ಯಾಲನ್ ಎಂಬ ಪಾದ್ರಿ ಇಂಥ ಪ್ರೇರಣ ಸುರುಳಿ ಮಾಡಿದರು. ಅಷ್ಟು ವೋಲ್ಟು ಅಳೆಯುವ ಉಪಕರಣ ಆಗ ಇಲ್ಲ. ವಿದ್ಯಾರ್ಥಿಗಳಿಗೇ ಶಾಕ್ ಕೊಟ್ಟು ಅದರ ಬಲ ಅಂದಾಜು ಮಾಡುತ್ತಿದ್ದರೆಂದು ಹೇಳುತ್ತಾರೆ. ಅಂದರೆ ಲೋಕದ ಮೊದಲ ಕಾಯಿಲ್ ಟೆಸ್ಟರು ಪಾಪದ ವಿದ್ಯಾರ್ಥಿಗಳು! ಮುಂದೆ ಪ್ಯಾರಿಸ್ಸಿನ ರುಮ್‌ಕಾರ್ಫ್ ಅದನ್ನು ಸುಧಾರಿಸಿ ಪ್ರಯೋಗಾಲಯಗಳಿಗೆ ಮುಟ್ಟಿಸಿದ. ಅಮೆರಿಕದ ಚಾರ್ಲ್ಸ್ ಕೆಟರಿಂಗ್, ಅವನೂ ಮೊದಲು ಹಳ್ಳಿ ಶಾಲೆಯ ಮಾಸ್ತರ, ಬ್ಯಾಟರಿಯಿಂದ ಕಿಡಿ ಹಾರಿಸುವ ವ್ಯವಸ್ಥೆಯನ್ನು 1910ರ ಕ್ಯಾಡಿಲಾಕ್ ಕಾರಿಗೆ ತಂದ. 1908ರಿಂದ 1927ರವರೆಗೆ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ನಾಲ್ಕು ಸಿಲಿಂಡರಿಗೆ ನಾಲ್ಕು ಮರದ ಪೆಟ್ಟಿಗೆಯ ಕಾಯಿಲುಗಳು. ಅವನ್ನು ಪರೀಕ್ಷಿಸಲು ಕೈಯಿಂದ ತಿರುಗಿಸುವ ಯಂತ್ರವಿತ್ತು. ತಿರುಗಿಸಿದರೆ ಉಂಗುರದ ಸುತ್ತ ಕಿಡಿಗಳು ಒಂದೊಂದಾಗಿ, ಸಮನಾಗಿ ಹಾರಬೇಕು, ಮೀಟರು 1.3 ಆಂಪಿಯರ್ ತೋರಿಸಬೇಕು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ನೋಡುವ ಮಕ್ಕಳಿಗೆ ಹೊಳಪು ಮಾತ್ರ ಕಾಣುತ್ತದೆ. ಅವು ಒಂದು ಕಾಲಕ್ಕೆ ಓಡಿದ್ದು ಬಾನೆಟ್ಟಿನ ಕೆಳಗೆ ಹಾರಿದ ಇಂಥ ಕಿಡಿಗಳಿಂದ.

2000ದ ನಂತರದ ಕಾರುಗಳಲ್ಲಿ ಪಾಯಿಂಟೂ ಹೋಯಿತು, ಡಿಸ್ಟ್ರಿಬ್ಯೂಟರೂ ಹೋಯಿತು. ಕಾಯಿಲ್ ಮಾತ್ರ ಹೋಗಿಲ್ಲ; ಚಿಕ್ಕದಾಗಿ ಪ್ಲಗ್ಗಿನ ತಲೆಯ ಮೇಲೇ ಕೂತಿದೆ, ಕಡಿಯುವ ಕೆಲಸ ಟ್ರಾನ್ಸಿಸ್ಟರಿನದು. ಹಳೆಯ ಪೆಟ್ಟಿಗೆಗೆ ಗಿರಾಕಿ ಇಲ್ಲವಾಯಿತು. ಉಸ್ತಾದರು ಅಂಗಡಿ ಮುಚ್ಚಿದಾಗ ಅದನ್ನು ಹೊತ್ತು ನನ್ನ ಶಾಲೆಗೆ ತಂದವನು ಅದೇ ಹುಡುಗ. ಆಗವನಿಗೆ ಮೀಸೆ ಬಲಿತಿತ್ತು, ಸ್ವಂತ ಗ್ಯಾರೇಜಿತ್ತು. ‘ಉಸ್ತಾದರು ನಿಮಗೆ ಕೊಡಲಿಕ್ಕೆ ಹೇಳಿದ್ರು’ ಎಂದ.

ನಿಮ್ಮ ಮನೆಯ ಅಟ್ಟದಲ್ಲೋ, ಅಜ್ಜನ ಗ್ಯಾರೇಜಿನಲ್ಲೋ ಇಂಥ ಪೆಟ್ಟಿಗೆ ಸಿಕ್ಕಿದರೆ ಕೂಡಲೇ ಬ್ಯಾಟರಿಗೆ ಜೋಡಿಸಬೇಡಿ. ಹಳೆಯ ವಯರಿನ ರಬ್ಬರು ಬಿರುಕು ಬಿಟ್ಟಿರುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿ ಅದಕ್ಕೆ ಶತ್ರು. ವಯರು, ಕಂಡೆನ್ಸರು ಬದಲಿಸಿ, ಪಾಯಿಂಟು ಶುಚಿ ಮಾಡಬೇಕು. ಒಣ ಮರದ ಮೇಜು ಬೇಕು, ಹತ್ತಿರ ಪೆಟ್ರೋಲು ಇರಕೂಡದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ದೂರವಿರಬೇಕು. ಮುಳ್ಳುಗಳನ್ನು ಮಿತಿಮೀರಿ ದೂರ ಸರಿಸಬಾರದು. ಹೊರಗೆ ದಾರಿ ಸಿಗದ ಕಿಡಿ ಒಳಗೆ ದಾರಿ ಮಾಡಿಕೊಂಡು ಒಳ್ಳೆಯ ಕಾಯಿಲನ್ನೂ ಕೊಲ್ಲುತ್ತದೆ. ಯಂತ್ರ ಓಡುವಾಗ ಮುಟ್ಟುವವರು ತಿಳಿದ ದೊಡ್ಡವರೊಬ್ಬರೇ. ಮಕ್ಕಳು ಎರಡು ಮಾರು ದೂರ. ಮತ್ತು ಯಾವಾಗಲೂ ಒಂದು ನಂಬಿಕೆಯ ಕಾಯಿಲಿನ ಜತೆ ಹೋಲಿಸಿ, ತಣ್ಣಗೊಮ್ಮೆ, ಬಿಸಿಗೊಮ್ಮೆ ನೋಡಿ.

ಆ ಮೂರನೆಯ ಮುಳ್ಳು? ಎರಡೇ ಮುಳ್ಳುಗಳಿದ್ದರೆ ಕಿಡಿ ಒಮ್ಮೆ ಹೆಚ್ಚು ವೋಲ್ಟಿಗೆ, ಒಮ್ಮೆ ಕಡಿಮೆಗೆ ಮನಸ್ಸು ಬಂದಂತೆ ಹಾರುತ್ತದೆ. ಪಕ್ಕದ ಮುಳ್ಳಿಗೆ ಮೊದಲು ಹಾರುವ ಕಣ್ಣಿಗೆ ಕಾಣದಷ್ಟು ಚಿಕ್ಕ ಕಿಡಿ ಗಾಳಿಯನ್ನು ಅಯಾನೀಕರಿಸಿ ದಾರಿ ಸಿದ್ಧ ಮಾಡುತ್ತದೆ. ಆಮೇಲೆ ದೊಡ್ಡ ಕಿಡಿ ಪ್ರತಿ ಸಲ ಒಂದೇ ಅಳತೆಗೆ ಹಾರುತ್ತದೆ. ಪರೀಕ್ಷೆ ನ್ಯಾಯವಾಗಿರಲಿ ಎಂದು, ಯಾವುದಕ್ಕೂ ತಾಗದೆ ನಿಂತ ಸಾಕ್ಷಿ ಅದು.

ಪೆಟ್ಟಿಗೆಯ ಮುಚ್ಚಳದ ಒಳಗೆ ಉಸ್ತಾದರು ಅಂಟಿಸಿದ ಒಂದು ರಟ್ಟು ಇದೆ. ಪೆನ್ಸಿಲಿನಲ್ಲಿ ಗೆರೆ ಹೊಡೆದು ಎರಡು ಕಾಲಂ: ತಣ್ಣಗೆ, ಬಿಸಿ. ನನ್ನ ಬಿಳಿ ಹಾಳೆಯಲ್ಲಿ ಇದ್ದದ್ದು ಒಂದೇ ಕಾಲಂ. ಕಿರುಪರೀಕ್ಷೆಯ ಅಂಕಪಟ್ಟಿ ಹಿಡಿದುಕೊಂಡು ‘ನಮ್ಮವ ಯಾವುದಕ್ಕೂ ಬಾರದವ ಸರ್’ ಎಂದು ಬರುವ ಪಾಲಕರಿಗೆ ಕೆಲವೊಮ್ಮೆ ನಾನು ಈ ಮುಚ್ಚಳ ಎತ್ತಿ ತೋರಿಸುತ್ತೇನೆ. ಮಸುಕಾದ ಸಾಲುಗಳಲ್ಲಿ ಒಂದು ಹೀಗಿದೆ: ‘ಪದ್ಮಿನಿ, ಹೊನ್ನಾವರ. 9. 4.’ ಇದು ಯಾರ ಕಾಯಿಲ್ ಸರ್ ಎಂದು ಮಕ್ಕಳು ಕೇಳುತ್ತಾರೆ.

ನಾನು ಚಾಕ್‌ಪೀಸು ಕೆಳಗಿಟ್ಟು, 1997ರ ಜುಲೈಯಿಂದ ಶುರುಮಾಡುತ್ತೇನೆ.